ಬಾಲ್‌ಪಾರ್ಕ್ ಕಟ್ಟಲು ಊರಿನ ದುಡ್ಡು ಯಾಕೆ?

ನಮಸ್ಕಾರ ಕೇಳುಗರೇ. ಈ ಹೊತ್ತಿನಲ್ಲಿ ನಿಮ್ಮಲ್ಲಿ ತುಂಬಾ ಜನ ಕೆಲಸ ಮುಗಿಸಿ ಕಾರಿನಲ್ಲಿರುತ್ತೀರಿ. ಇಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ವೂಸ್ಟರ್, ಶ್ರೂಸ್‌ಬರಿ, ವೆಸ್ಟ್‌ಬರೋ ಕಡೆ ಹೋಗುವವರು ಜಾಸ್ತಿ. ನಿಮ್ಮ ಮಕ್ಕಳಲ್ಲಿ ಎಷ್ಟೋ ಜನ ವೂಸ್ಟರ್‌ನ ಪೋಲಾರ್ ಪಾರ್ಕ್‌ಗೆ ಹೋಗಿ ಬೇಸ್‌ಬಾಲ್ ನೋಡಿ ಬಂದಿದ್ದಾರೆ. ನಾನೂ ಹೋಗುತ್ತೇನೆ. ಆಟ ಇಷ್ಟ, ಜಾಗವೂ ಇಷ್ಟ. ಆದರೆ ನಾನು ಪಾಠ ಹೇಳುವುದು ನಗರಗಳ ಹಣಕಾಸು. ಹಾಗಾಗಿ ನನ್ನನ್ನು ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಡೌನ್‌ಟೌನ್‌ನಲ್ಲಿ ಇಂಥ ಮೈದಾನ ಕಟ್ಟಲು ಊರು ದುಡ್ಡು ಹಾಕಬೇಕಾ?

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹಾಕಬಾರದು. ಯಾಕೆಂದರೆ ಮೈದಾನದಿಂದ ಊರಿನಲ್ಲಿ ಹೊಸ ದುಡ್ಡು ಹುಟ್ಟುವುದಿಲ್ಲ. ಇದ್ದ ದುಡ್ಡು ಜಾಗ ಬದಲಿಸುತ್ತದೆ, ಅಷ್ಟೇ. ಇದೊಂದು ಮಾತು ನಿಮ್ಮ ಮನಸ್ಸಿನಲ್ಲಿ ಉಳಿದರೆ ಸಾಕು.

ಈ ವ್ಯವಹಾರ ನಡೆಯುವುದು ಹೇಗೆ ಅಂತ ಸ್ವಲ್ಪ ಹೇಳುತ್ತೇನೆ. ಮೇಜರ್ ಲೀಗ್ ಅಂದರೆ ಬೇಸ್‌ಬಾಲ್‌ನ ಅತಿ ಮೇಲಿನ ಲೀಗ್, ಅದರಲ್ಲಿ 30 ದೊಡ್ಡ ತಂಡಗಳಿವೆ. ಒಂದೊಂದರ ಕೆಳಗೆ ನಾಲ್ಕು ನಾಲ್ಕು ಮೈನರ್ ಲೀಗ್ ತಂಡಗಳು, ಒಟ್ಟು 120. ಹುಡುಗರು ಅಲ್ಲಿ ಆಡಿ ಪಳಗಿ ಮೇಲಕ್ಕೆ ಹೋಗುತ್ತಾರೆ. ಅವರ ಸಂಬಳ ಕೊಡುವುದು ಮೇಲಿನ ದೊಡ್ಡ ತಂಡ. ವೂಸ್ಟರ್ ಹುಡುಗರಿಗೆ ಬಾಸ್ಟನ್ ರೆಡ್ ಸಾಕ್ಸ್ ಕೊಡುತ್ತದೆ. ಟಿಕೆಟ್ಟು, ತಿಂಡಿ, ಬಿಯರು, ಜಾಹೀರಾತಿನ ಆದಾಯ ಊರಿನ ತಂಡದ ಮಾಲೀಕರಿಗೆ. ಅವರಿಗೆ ಇರುವ ದೊಡ್ಡ ಖರ್ಚು ಅಂದರೆ ಮೈದಾನ. ಆ ಖರ್ಚನ್ನೇ ಊರಿನ ತಲೆಗೆ ಕಟ್ಟಲು ಬರುತ್ತಾರೆ. ಕೊಡದಿದ್ದರೆ ಬೇರೆ ಊರಿಗೆ ಹೋಗುತ್ತೇವೆ ಅನ್ನುತ್ತಾರೆ. 2021ಕ್ಕೆ ಮೊದಲು ಇಂಥ ತಂಡಗಳು 160 ಇದ್ದವು. ಮೇಜರ್ ಲೀಗ್ ಅವನ್ನು 120ಕ್ಕೆ ಇಳಿಸಿತು. ಮೈದಾನಗಳು ಹೀಗೇ ಇರಬೇಕು ಅಂತ ಹೊಸ ನಿಯಮಗಳನ್ನೂ ತಂದಿತು. ಅಲ್ಲಿಂದ ಈ ಬೆದರಿಕೆಗೆ ಇನ್ನಷ್ಟು ಬಲ ಬಂದಿದೆ.

ವೂಸ್ಟರ್ ತಂಡ ಮೊದಲು ವೂಸ್ಟರ್‌ನದಾಗಿರಲಿಲ್ಲ. ರೋಡ್ ಐಲೆಂಡ್‌ನ ಪಟಕೆಟ್ ಅನ್ನುವ ಹಳೆಯ ಗಿರಣಿ ಊರಿನದು. ಅಲ್ಲಿ ಮೆಕಾಯ್ ಸ್ಟೇಡಿಯಂ ಅಂತ ಒಂದು ಮೈದಾನ ಇತ್ತು, 1942ರದ್ದು. ಅಲ್ಲಿ ನಡೆದ ಒಂದು ಆಟದ ಕತೆ ಹೇಳಲೇಬೇಕು. ನನಗೆ ಅದನ್ನು ಎಷ್ಟು ಸಲ ಹೇಳಿದರೂ ಬೇಸರವಿಲ್ಲ.

1981, ಏಪ್ರಿಲ್ 18. ಈಸ್ಟರ್ ಹಿಂದಿನ ಶನಿವಾರ ರಾತ್ರಿ. ಪಟಕೆಟ್‌ಗೂ ರಾಚೆಸ್ಟರ್‌ಗೂ ಆಟ. ದೀಪ ಕೈಕೊಟ್ಟು ಶುರುವಾಗುವುದೇ ಅರ್ಧ ಗಂಟೆ ತಡವಾಯಿತು. ನೋಡಲು ಬಂದವರು 1,740 ಜನ. ಬೇಸ್‌ಬಾಲ್‌ನಲ್ಲಿ ಒಂಬತ್ತು ಇನಿಂಗ್ಸ್ ಆಡುತ್ತಾರೆ. ಸಮ ಆದರೆ ಇನ್ನೊಂದು, ಮತ್ತೂ ಸಮ ಆದರೆ ಮತ್ತೊಂದು, ಯಾರಾದರೂ ಗೆಲ್ಲುವವರೆಗೆ. ಅವತ್ತು ಒಂಬತ್ತು ಮುಗಿದಾಗ 1-1. ಹತ್ತಾಯಿತು, ಹದಿನೈದಾಯಿತು, ಇಪ್ಪತ್ತಾಯಿತು. 21ನೆಯದರಲ್ಲಿ ರಾಚೆಸ್ಟರ್ ಒಂದು ರನ್ ಹೊಡೆಯಿತು. ಸದ್ಯ ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಪಟಕೆಟ್‌ನ ವೇಡ್ ಬಾಗ್ಸ್ ಬಾರಿಸಿ ಮತ್ತೆ ಸಮ ಮಾಡಿದ.

ಮೈ ಕೊರೆಯುವ ಚಳಿ, ಮೇಲೆ ಗಾಳಿ. ಆಟಗಾರರು ಮುರಿದ ಬ್ಯಾಟುಗಳನ್ನು ಡ್ರಮ್ಮಿಗೆ ಹಾಕಿ ಬೆಂಕಿ ಕಾಯಿಸಿಕೊಂಡರು. ಇಷ್ಟು ಹೊತ್ತಿನ ಮೇಲೆ ಹೊಸ ಇನಿಂಗ್ಸ್ ಶುರು ಮಾಡಬಾರದು ಅಂತ ಲೀಗಿನಲ್ಲಿ ಒಂದು ನಿಯಮ ಇತ್ತು. ಅಂಪೈರ್ ಕೈಯಲ್ಲಿದ್ದ ಪುಸ್ತಕದಲ್ಲಿ ಅದು ಬಿಟ್ಟುಹೋಗಿತ್ತು. ಲೀಗಿನ ಅಧ್ಯಕ್ಷರಿಗೆ ಫೋನ್ ಮಾಡಿದರು, ಸಿಗಲಿಲ್ಲ. ಮತ್ತೆ ಮಾಡಿದರು. ಕೊನೆಗೆ ಅವರು ಸಿಕ್ಕಿ, ನಿಲ್ಲಿಸಿ ಅಂತ ಹೇಳಿದ ಮೇಲೆ ಬೆಳಗಿನ ಜಾವ 4 ಗಂಟೆ 7 ನಿಮಿಷಕ್ಕೆ ಆಟ ನಿಂತಿತು. 32 ಇನಿಂಗ್ಸ್ ಆಗಿತ್ತು, ಇನ್ನೂ 2-2. ಆಗ ಮೈದಾನದಲ್ಲಿ ಉಳಿದಿದ್ದವರು 19 ಜನ. ತಂಡದ ಆಗಿನ ಮಾಲೀಕ ಬೆನ್ ಮೊಂಡೋರ್ ಅವರಿಗೆಲ್ಲ ಪಾಸ್ ಕೊಟ್ಟರು.

ಜೂನ್ 23ಕ್ಕೆ ಆಟ ಮುಂದುವರಿಯಿತು. ಆಗ ಮೇಜರ್ ಲೀಗ್ ಆಟಗಾರರು ಮುಷ್ಕರ ಹೂಡಿದ್ದರು. ದೇಶದ ಪತ್ರಕರ್ತರೆಲ್ಲ ಪಟಕೆಟ್‌ಗೆ ಬಂದಿಳಿದರು, ಮೈದಾನ ತುಂಬಿತು. ಹದಿನೆಂಟೇ ನಿಮಿಷ! 33ನೇ ಇನಿಂಗ್ಸ್‌ನಲ್ಲಿ ಡೇವ್ ಕೋಜಾ ಹೊಡೆದ, ಮಾರ್ಟಿ ಬ್ಯಾರೆಟ್ ಓಡಿ ಬಂದ, ಪಟಕೆಟ್ 3-2. ಒಟ್ಟು 8 ಗಂಟೆ 25 ನಿಮಿಷ. ವೃತ್ತಿಪರ ಬೇಸ್‌ಬಾಲ್‌ನ ಅತಿ ಉದ್ದದ ಆಟ ಇವತ್ತಿಗೂ ಅದೇ. ಎದುರು ತಂಡದಲ್ಲಿ ಕ್ಯಾಲ್ ರಿಪ್ಕೆನ್ ಇದ್ದ. ಅವನೂ ಬಾಗ್ಸೂ ಇಬ್ಬರೂ ಮುಂದೆ ಹಾಲ್ ಆಫ್ ಫೇಮ್ ಸೇರಿದರು.

ಈ ಕತೆ ಯಾಕೆ ಹೇಳಿದೆ? ಜನರಿಗೆ ತಮ್ಮ ಊರಿನ ತಂಡದ ಮೇಲೆ ಎಂಥ ಪ್ರೀತಿ ಇರುತ್ತದೆ ನೋಡಿ. ಚಳಿಯಲ್ಲಿ ಬೆಳಗಿನ ಜಾವದವರೆಗೆ ಕೂರುವಷ್ಟು. ಆ ಪ್ರೀತಿ ನಿಜ. ಮಾಲೀಕರು ಬಂದು ಬೆಲೆ ಕಟ್ಟುವುದು ಅದಕ್ಕೇ.

2015ರಲ್ಲಿ ತಂಡಕ್ಕೆ ಹೊಸ ಮಾಲೀಕರು ಬಂದರು. ಬಂದ ಕೂಡಲೇ ಮೆಕಾಯ್ ಬೇಡ, ಪ್ರಾವಿಡೆನ್ಸ್‌ನಲ್ಲಿ ನದಿ ದಂಡೆಯ ಮೇಲೆ ಹೊಸ ಮೈದಾನ ಬೇಕು ಅಂದರು. ರಾಜ್ಯದಿಂದ ಅವರು ಕೇಳಿದ್ದು ಹೆಚ್ಚು ಕಡಿಮೆ ವರ್ಷಕ್ಕೆ 40 ಲಕ್ಷ ಡಾಲರ್, 30 ವರ್ಷ. ಅಂದರೆ 12 ಕೋಟಿ. ಜನ ತಿರುಗಿಬಿದ್ದರು, ಅದು ಆಗಲಿಲ್ಲ. ಆಮೇಲೆ ಪಟಕೆಟ್‌ನಲ್ಲೇ 8.3 ಕೋಟಿಯ ಯೋಜನೆ ಬಂತು. ತಂಡದ್ದು 4.5 ಕೋಟಿ, ರಾಜ್ಯ 2.3 ಕೋಟಿ, ಊರು 1.5 ಕೋಟಿ. ಸಾಲಕ್ಕೆ ತಾನು ಹೊಣೆ ನಿಲ್ಲುವುದಿಲ್ಲ ಅಂತ ರಾಜ್ಯದ ಶಾಸನಸಭೆ ಅದನ್ನು ತಿದ್ದಿತು. 2018ರ ಆಗಸ್ಟ್‌ನಲ್ಲಿ ಮಾಲೀಕರು ವೂಸ್ಟರ್‌ಗೆ ಹೊರಟೆವು ಅಂದರು. ಮೆಕಾಯ್ ಖಾಲಿ ಬಿತ್ತು. ಈಗ ಅದನ್ನು ಕೆಡವಿದ್ದಾರೆ, ಆ ಜಾಗದಲ್ಲಿ ಹೈಸ್ಕೂಲ್ ಬರುತ್ತದೆ.

ಪಟಕೆಟ್‌ನಿಂದ ವೂಸ್ಟರ್‌ಗೆ 65 ಕಿಲೋಮೀಟರ್ ಇರಬಹುದು. ಅದೇ ತಂಡ, ಅದೇ ಆಟ. ಒಂದು ಊರಿನ ಖರ್ಚು ಇನ್ನೊಂದು ಊರಿಗೆ ಹೋಯಿತು. ಹೊಸದಾಗಿ ಏನು ಹುಟ್ಟಿತು, ಹೇಳಿ?

ಊರೊಳಗೂ ಅದೇ ಲೆಕ್ಕ. ಶುಕ್ರವಾರ ಸಂಜೆ ನೀವು ನಾಲ್ಕು ಜನ ಮೈದಾನಕ್ಕೆ ಹೋದಿರಿ. ಟಿಕೆಟ್ಟು, ಪಾರ್ಕಿಂಗು, ಹಾಟ್ ಡಾಗು ಬೇಡವಾದರೆ ಫ್ರೆಂಚ್ ಫ್ರೈಸು, ಮಕ್ಕಳಿಗೊಂದು ಟೋಪಿ. ನೂರು ಡಾಲರ್ ಖರ್ಚು ಅಂತಿಟ್ಟುಕೊಳ್ಳಿ. ಮೈದಾನ ಇಲ್ಲದಿದ್ದರೆ ಆ ನೂರು ಡಾಲರ್ ಸುಟ್ಟುಹಾಕುತ್ತಿದ್ದಿರಾ? ಇಲ್ವಲ್ಲ. ಸಿನಿಮಾಕ್ಕೆ ಹೋಗುತ್ತಿದ್ದಿರಿ, ದೋಸೆ ತಿನ್ನಲು ಹೋಗುತ್ತಿದ್ದಿರಿ. ಆ ದೋಸೆ ಹೋಟೆಲಿನವರಿಗೆ ಊರು ಕಟ್ಟಡ ಕಟ್ಟಿಸಿಕೊಟ್ಟಿದೆಯಾ? ಅವರು ಬಾಡಿಗೆ ಕಟ್ಟುತ್ತಾರೆ, ತೆರಿಗೆ ಕಟ್ಟುತ್ತಾರೆ. ಅವರ ಗಿರಾಕಿಯನ್ನು ಅವರದೇ ತೆರಿಗೆಯ ದುಡ್ಡಿನಲ್ಲಿ ಬೇರೆಯವರ ಅಂಗಡಿಗೆ ಕಳಿಸುವುದು ನ್ಯಾಯವಾ? ನನಗೆ ಇದು ನಿಜಕ್ಕೂ ಸಿಟ್ಟು ತರಿಸುತ್ತದೆ.

ಇನ್ನೊಂದು ಲೆಕ್ಕ. ಇಡೀ ವರ್ಷದಲ್ಲಿ ಊರಿನಲ್ಲಿ ನಡೆಯುವ ಆಟ ಸುಮಾರು 75. ಮಿಕ್ಕ 290 ದಿನ? ಒಂದಿಷ್ಟು ಸಂಗೀತ, ಮೇಳ ನಡೆಯುತ್ತವೆ. ಆದರೆ ಡೌನ್‌ಟೌನ್‌ನ ಹೋಟೆಲು, ಅಂಗಡಿ ಬದುಕಬೇಕಾದ್ದು ದಿನಾ ಓಡಾಡುವ ಜನರಿಂದ.

ವೂಸ್ಟರ್‌ನಲ್ಲಿ ಕೊಟ್ಟ ಮಾತು ಏನು ಗೊತ್ತಾ? ಮೈದಾನ ತನ್ನ ಖರ್ಚನ್ನು ತಾನೇ ತೀರಿಸುತ್ತದೆ ಅಂತ. ಮೈದಾನದ ಸುತ್ತ, ಕೆಲ್ಲಿ ಸ್ಕ್ವೇರ್ ಹತ್ತಿರ, ನಕ್ಷೆಯ ಮೇಲೆ ಒಂದು ಗೆರೆ ಎಳೆದರು. ಗೆರೆಯೊಳಗೆ ಅಪಾರ್ಟ್‌ಮೆಂಟು, ಹೋಟೆಲು, ಆಫೀಸು ಬರುತ್ತವೆ. ಅವು ಕಟ್ಟುವ ಆಸ್ತಿ ತೆರಿಗೆ, ಜೊತೆಗೆ ತಂಡ ಕೊಡುವ ಬಾಡಿಗೆ ಸೇರಿ ಸಾಲ ತೀರುತ್ತದೆ. ಕೇಳಲು ಚೆನ್ನಾಗಿದೆ ಅಲ್ವಾ? ಆದರೆ ಬಾಸ್ಟನ್ ಬಾಡಿಗೆ ತಾಳಲಾರದೆ ಜನ ವೂಸ್ಟರ್ ಕಡೆ ಬರುವುದು ಮೈದಾನಕ್ಕಿಂತ ಮೊದಲೇ ಶುರುವಾಗಿತ್ತು. ಮೈದಾನ ಇರುವ ಕೆನಾಲ್ ಡಿಸ್ಟ್ರಿಕ್ಟ್‌ ಬಡಾವಣೆಯಲ್ಲಿ ಹೋಟೆಲುಗಳು ಆಗಲೇ ಬಂದಿದ್ದವು. ಈ ಊರಿನಲ್ಲಿ ಎಲ್ಲಾದರೂ ಆ ಮನೆಗಳು ಏಳುತ್ತಲೇ ಇದ್ದವು. ಆಗ ಅವುಗಳ ತೆರಿಗೆ ಶಾಲೆಗೆ ಹೋಗುತ್ತಿತ್ತು, ರಸ್ತೆಗೆ ಹೋಗುತ್ತಿತ್ತು. ಈಗ ಮೈದಾನದ ಸಾಲಕ್ಕೆ ಹೋಗುತ್ತದೆ. ಇಲ್ಲೂ ದುಡ್ಡು ಜಾಗ ಬದಲಿಸಿತು, ಹುಟ್ಟಲಿಲ್ಲ.

ಖರ್ಚು ಎಷ್ಟಾಯಿತು? 2018ರಲ್ಲಿ ಮೈದಾನಕ್ಕೆ 9 ಕೋಟಿ ಡಾಲರ್ ಆಸುಪಾಸು ಅಂದಿದ್ದರು. 2021ರ ಮೇ 11ರಂದು ಮೊದಲ ಆಟ ಆಗುವ ಹೊತ್ತಿಗೆ ಹತ್ತಿರ ಹತ್ತಿರ 16 ಕೋಟಿ. ಹೆಚ್ಚಾದದ್ದರಲ್ಲಿ ತಂಡವೂ ಪಾಲು ಹಾಕಿತು, ಊರೂ ಮತ್ತೆ ಸಾಲ ಮಾಡಿತು. ಸುತ್ತಲಿನ ಕಟ್ಟಡಗಳು ಮಾತ್ರ ಹೇಳಿದ ಹೊತ್ತಿಗೆ ಏಳಲಿಲ್ಲ.

ನನಗೆ ಕೊಟ್ಟ ಸಮಯ ಮುಗಿಯುತ್ತಾ ಬಂತು, ಬೇಗ ಹೇಳುತ್ತೇನೆ. ನಮ್ಮ ದಕ್ಷಿಣಕ್ಕೆ ಹಾರ್ಟ್‌ಫರ್ಡ್ ಇದೆ. 5.6 ಕೋಟಿ ಅಂದುಕೊಂಡ ಮೈದಾನ 7 ಕೋಟಿ ದಾಟಿತು. 2016ರಲ್ಲಿ ಮೈದಾನ ಸಿದ್ಧವಾಗದೆ ತಂಡ ಇಡೀ ವರ್ಷ ಪರ ಊರುಗಳಲ್ಲೇ ಆಡಿತು. ಕಟ್ಟುವವರನ್ನು ತೆಗೆದುಹಾಕಿದರು, ಕೋರ್ಟ್ ಕೇಸು ವರ್ಷಗಟ್ಟಲೆ ನಡೆಯಿತು. 2017ರಲ್ಲಿ ಆ ಊರು ದಿವಾಳಿ ಅಂಚಿಗೆ ಬಂದಿತ್ತು. ಕೊನೆಗೆ ಕನೆಟಿಕಟ್ ರಾಜ್ಯವೇ ಊರಿನ ಸಾಲ ಹೊತ್ತುಕೊಂಡಿತು. ಮೈದಾನದಿಂದಲೇ ದಿವಾಳಿ ಅಂತ ನಾನು ಹೇಳುತ್ತಿಲ್ಲ. ಕೈಯಲ್ಲಿ ಕಾಸಿಲ್ಲದ ಊರು ಇಂಥ ಕಾಗದಕ್ಕೆ ಸಹಿ ಹಾಕಿತಲ್ಲ, ಅದು ನನ್ನ ಸಂಕಟ. ಈಗ ಅಲ್ಲಿ ಸೀಟು ತುಂಬುತ್ತವೆ, ಮೈದಾನಕ್ಕೆ ಬಹುಮಾನಗಳೂ ಬಂದಿವೆ. ಒಳ್ಳೆಯದೇ. ಸೀಟು ತುಂಬಿದರೆ ಸಾಲ ತೀರಿತು ಅಂತಲ್ಲ.

ಡರಮ್ ನೋಡಿ, ಅಲ್ಲಿ ಗೆದ್ದಿಲ್ವಾ ಅಂತ ಕೇಳುತ್ತಾರೆ. ನಾರ್ತ್ ಕ್ಯಾರೊಲೈನಾದ ಡರಮ್‌ನಲ್ಲಿ 1990ರಲ್ಲಿ ಮತದಾರರು ಬೇಡ ಅಂದರೂ ಊರು ಮೈದಾನ ಕಟ್ಟಿತು, 1995ರಲ್ಲಿ ತೆರೆಯಿತು. ಪಕ್ಕದ ಹಳೆಯ ತಂಬಾಕು ಕಾರ್ಖಾನೆ ಮುಂದೆ ಆಫೀಸು, ಹೋಟೆಲುಗಳಿಂದ ತುಂಬಿತು. ನಿಜ. ಆದರೆ ಅದಕ್ಕೆ ಸುಮಾರು ಒಂಬತ್ತು ವರ್ಷ ಹಿಡಿಯಿತು. ಡ್ಯೂಕ್ ವಿಶ್ವವಿದ್ಯಾಲಯದಂಥ ದೊಡ್ಡ ಬಾಡಿಗೆದಾರರು ಬಂದಿದ್ದರಿಂದ ಆಯಿತು. ನಿಮ್ಮ ಊರಿನಲ್ಲಿ ಡ್ಯೂಕ್ ಇದೆಯಾ?

ಮೈದಾನ ಬೇಕೇ ಬೇಕು ಅಂತ ಊರಿನ ಜನಕ್ಕೆ ಅನ್ನಿಸಿದರೆ ಕಟ್ಟಲಿ, ನನ್ನ ತಕರಾರಿಲ್ಲ. ಲೈಬ್ರರಿ, ಈಜುಕೊಳ ಕಟ್ಟುವುದಿಲ್ವಾ? ಆಗ ಸಂತೋಷಕ್ಕೆ ಖರ್ಚು ಮಾಡುತ್ತಿದ್ದೇವೆ ಅಂತ ಬಾಯಿಬಿಟ್ಟು ಹೇಳಲಿ, ಓಟಿಗೆ ಹಾಕಲಿ. ಲಾಭ ಬರುತ್ತದೆ ಅಂತ ಹೇಳಿ ಸಹಿ ಹಾಕಿಸಿಕೊಳ್ಳುವುದು ಬೇಡ.

ಪೌರತ್ವ ಪಡೆದವರು ಓಟು ಹಾಕಿ. ಇನ್ನೂ ವೀಸಾದಲ್ಲಿ ಇರುವವರೂ ಆಸ್ತಿ ತೆರಿಗೆ ಕಟ್ಟುತ್ತೀರಿ, ಇಲ್ಲವೇ ನಿಮ್ಮ ಬಾಡಿಗೆಯಲ್ಲಿ ಅದು ಸೇರಿದೆ. ವೂಸ್ಟರ್‌ನಲ್ಲಿ ಇರುವವರೇ, ಊರಿನ ಬಜೆಟ್ ವರ್ಷ ಜುಲೈ 1ಕ್ಕೆ ಶುರು. ಮೇ, ಜೂನ್‌ನಲ್ಲಿ ಸಿಟಿ ಹಾಲ್‌ನಲ್ಲಿ ಚರ್ಚೆ ನಡೆಯುತ್ತದೆ. ಮೈದಾನದ ಸಾಲಕ್ಕೆ ಈ ವರ್ಷ ಎಷ್ಟು ಕಟ್ಟಬೇಕು, ಗೆರೆಯೊಳಗಿನ ತೆರಿಗೆಯಿಂದ ಎಷ್ಟು ಬಂತು, ಕೊರತೆ ಬಿದ್ದರೆ ಯಾವ ಖಾತೆಯಿಂದ ತುಂಬುತ್ತೀರಿ ಅಂತ ಕೇಳಿ. ಉತ್ತರ ಅಂಕಿಗಳಲ್ಲೇ ಕೊಡಿ ಅನ್ನಿ. ನಮಸ್ಕಾರ.