ಗಾಂಜಾ ತೆರಿಗೆ ಯಾರ ಮನೆ ಸೇರಿತು?

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 2020ರ ಜನವರಿ 1ರಿಂದ ವಯಸ್ಕರು ರಾಜಾರೋಷವಾಗಿ ಅಂಗಡಿಗೆ ಹೋಗಿ ಗಾಂಜಾ ಕೊಳ್ಳಬಹುದಾಯಿತು. ಮೊದಲ ದಿನವೇ 30 ಲಕ್ಷ ಡಾಲರಿಗೂ ಮೀರಿ ವ್ಯಾಪಾರವಾಯಿತು. ಅದೇ ಸರಕು ಜೇಬಿನಲ್ಲಿ ಸಿಕ್ಕಿತೆಂದು ಹಿಂದೆ ಬಂಧನಕ್ಕೊಳಗಾಗಿ, ಪೊಲೀಸ್ ದಾಖಲೆಯಲ್ಲಿ ಹೆಸರು ಸೇರಿದ್ದರಿಂದ ಕೆಲಸವೂ ಬಾಡಿಗೆ ಮನೆಯೂ ಸಿಗದೆ ಅಲೆದವರು ಅದೇ ರಾಜ್ಯದಲ್ಲಿದ್ದರು. ಈ ಹೊಡೆತ ಹೆಚ್ಚಾಗಿ ಬಿದ್ದದ್ದು ಕಪ್ಪು ಜನರ ಮೇಲೆ. ಗಾಂಜಾ ಸೇದುವುದರಲ್ಲಿ ಬಿಳಿಯರಿಗೂ ಕರಿಯರಿಗೂ ಹೆಚ್ಚಿನ ವ್ಯತ್ಯಾಸವಿಲ್ಲ. ಆದರೆ ಗಾಂಜಾ ಇಟ್ಟುಕೊಂಡದ್ದಕ್ಕೆ ಬಂಧನಕ್ಕೊಳಗಾಗುವ ಸಾಧ್ಯತೆ ಕರಿಯರಿಗೆ 3.6 ಪಟ್ಟು ಹೆಚ್ಚು. ಇದು ನಾಗರಿಕ ಹಕ್ಕುಗಳ ಸಂಸ್ಥೆಯಾದ ಅಮೆರಿಕನ್ ಸಿವಿಲ್ ಲಿಬರ್ಟೀಸ್ ಯೂನಿಯನ್ 2020ರಲ್ಲಿ ಇಡೀ ದೇಶದ ಬಗ್ಗೆ ಕೊಟ್ಟ ಲೆಕ್ಕ.

ಇಲಿನಾಯ್‌ನ ಶಾಸಕರಿಗೆ ಇದು ತಿಳಿಯದ ಸಂಗತಿಯಾಗಿರಲಿಲ್ಲ. 2019ರ ಜೂನ್‌ನಲ್ಲಿ ಗವರ್ನರ್ ಪ್ರಿಟ್ಜ್‌ಕರ್ ಸಹಿ ಹಾಕಿದ ಕಾನೂನಿನಲ್ಲೇ ಪರಿಹಾರದ ಮಾತಿತ್ತು. ಆಡಳಿತದ ಖರ್ಚು ಕಳೆದು ಉಳಿಯುವ ಗಾಂಜಾ ಆದಾಯದಲ್ಲಿ ಶೇಕಡಾ 25ರಷ್ಟು, ಬಂಧನ ಮತ್ತು ಬಡತನ ಎರಡರಿಂದಲೂ ನಲುಗಿದ ಬಡಾವಣೆಗಳಿಗೆ ಹಿಂದಿರುಗಬೇಕು. ಸಣ್ಣ ಪ್ರಕರಣಗಳ ದಾಖಲೆ ಅಳಿಸಿಹೋಗಬೇಕು. ಹೊಸ ಪರವಾನಗಿಗಳಲ್ಲಿ ನೊಂದವರಿಗೆ ಆದ್ಯತೆ ಸಿಗಬೇಕು. ಮೂರರಲ್ಲಿ ದಾಖಲೆ ಅಳಿಸುವ ಕೆಲಸ ಚುರುಕಾಗಿಯೇ ನಡೆಯಿತು. 2020ರ ಕೊನೆಯ ಹೊತ್ತಿಗೆ ಸುಮಾರು ಐದು ಲಕ್ಷ ಬಂಧನ ದಾಖಲೆಗಳು ಅಳಿಸಿದ್ದವು, ಒಂಬತ್ತು ಸಾವಿರಕ್ಕೂ ಹೆಚ್ಚು ಶಿಕ್ಷೆಗಳಿಗೆ ಕ್ಷಮಾದಾನ ಸಿಕ್ಕಿತ್ತು. ಬಡಾವಣೆಗಳ ಸಂಸ್ಥೆಗಳಿಗೆ ಅನುದಾನವೂ ಮರುವರ್ಷದಿಂದ ಹರಿಯತೊಡಗಿತು. ಎಲ್ಲವೂ ತಡವರಿಸಿದ್ದು ವ್ಯಾಪಾರದಲ್ಲಿ ಪಾಲು ಕೊಡುವ ಕಡೆ.

ಮೊದಲ ದಿನ ಬಾಗಿಲು ತೆರೆದ ಅಂಗಡಿಗಳೆಲ್ಲ ಅದಾಗಲೇ ಔಷಧಿಯ ಹೆಸರಿನಲ್ಲಿ ಗಾಂಜಾ ಮಾರುತ್ತಿದ್ದ ಹಳೆಯ ಕಂಪನಿಗಳವು. ಇದನ್ನು ಮುಂಚೆಯೇ ಕಂಡ ಷಿಕಾಗೊ ನಗರಸಭೆಯ ಕಪ್ಪು ಸದಸ್ಯರು, ನಮ್ಮವರ ಒಡೆತನದ ಒಂದು ಅಂಗಡಿಯೂ ಇಲ್ಲ, ಮಾರಾಟವನ್ನು ಆರು ತಿಂಗಳು ಮುಂದೂಡಿ ಎಂದು 2019ರ ಡಿಸೆಂಬರ್‌ನಲ್ಲಿ ಪಟ್ಟು ಹಿಡಿದರು. 29-19 ಮತಗಳಿಂದ ಸೋತರು. ಹೊಸಬರಿಗೆ ಮೀಸಲಾದ ಪರವಾನಗಿಗಳು 2020ರ ಮೇ ತಿಂಗಳಲ್ಲೇ ಹಂಚಿಕೆಯಾಗಬೇಕಿತ್ತು. ಅರ್ಜಿಗಳಿಗೆ ಅಂಕ ಕೊಡುವ ವಿಧಾನದ ಬಗ್ಗೆ ಜಗಳ, ಲಾಟರಿ, ನ್ಯಾಯಾಲಯದ ತಡೆಯಾಜ್ಞೆ ಎಲ್ಲ ಮುಗಿದು ಕೈಗೆ ಸಿಗುವಾಗ 2022ರ ಜುಲೈ. ಅಷ್ಟರಲ್ಲಿ 2021ನೇ ಇಸವಿಯೊಂದರಲ್ಲೇ ರಾಜ್ಯದಲ್ಲಿ 130 ಕೋಟಿ ಡಾಲರಿಗೂ ಹೆಚ್ಚಿನ ಮಾರಾಟ ನಡೆದಿತ್ತು. ಊಟದ ಪಂಕ್ತಿ ಎದ್ದ ಮೇಲೆ ಎಲೆ ಹಾಕಿದಂತಾಯಿತು, ಅಷ್ಟೆ.

ಪರವಾನಗಿ ಸಿಕ್ಕರೂ ಬಂಡವಾಳ ಎಲ್ಲಿಂದ ಬರಬೇಕು? ಕೇಂದ್ರ ಸರ್ಕಾರದ ಕಾನೂನು ಗಾಂಜಾ ಮಾರಾಟಕ್ಕೆ ಒಪ್ಪಿಲ್ಲವಾದ್ದರಿಂದ ದೊಡ್ಡ ಬ್ಯಾಂಕುಗಳು ಸಾಲ ಕೊಡಲು ಹಿಂಜರಿಯುತ್ತವೆ. ಸ್ವಂತ ಮನೆ ಇದ್ದವರು ಅದನ್ನು ಅಡವಿಟ್ಟಾರು. ಇಲ್ಲದವರು? ಅವರಿಗೆ ಮನೆ ಏಕಿಲ್ಲ ಎಂದು ಕೇಳಿಕೊಂಡ ಊರೊಂದಿದೆ. ನನಗೆ ಈ ಇಡೀ ಕಥೆಯಲ್ಲಿ ಹೆಚ್ಚು ಕುತೂಹಲ ಹುಟ್ಟಿಸಿದ್ದು ಆ ಊರು.

ಷಿಕಾಗೊದ ಉತ್ತರಕ್ಕೆ, ಮಿಷಿಗನ್ ಸರೋವರದ ದಡದಲ್ಲಿರುವ ಇವಾನ್‌ಸ್ಟನ್. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯ ಇರುವ, ಉದಾರಿ ಎಂದು ಹೆಸರಾದ ಊರು. ಅಲ್ಲೂ ಕಪ್ಪು ಕುಟುಂಬಗಳನ್ನು ಐದನೇ ವಾರ್ಡಿನ ಕಡೆಗೆ ನೂಕಲಾಗಿತ್ತು. 1930ರ ದಶಕದಲ್ಲಿ ಸರ್ಕಾರಿ ನಕ್ಷೆಗಳು ಇಂಥ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿದವು. ಅಲ್ಲಿ ಮನೆ ಸಾಲ ಸಿಗುವುದು ದುಸ್ತರವಾಯಿತು. ಬಿಳಿಯರ ಬೀದಿಗಳಲ್ಲಿ ಕರಿಯರಿಗೆ ಮನೆ ಮಾರುವವರಿರಲಿಲ್ಲ.

ಆ ವಾರ್ಡಿನ ಪ್ರತಿನಿಧಿಯಾಗಿದ್ದ ರಾಬಿನ್ ರೂ ಸಿಮನ್ಸ್ ಅವರ ಮುಂದಾಳತ್ವದಲ್ಲಿ 2019ರ ನವೆಂಬರ್‌ನಲ್ಲಿ ನಗರಸಭೆ ನಿರ್ಣಯ ಮಾಡಿತು: ಸ್ಥಳೀಯ ಗಾಂಜಾ ಮಾರಾಟ ತೆರಿಗೆಯ ಮೊದಲ ಒಂದು ಕೋಟಿ ಡಾಲರ್ ಕಪ್ಪು ನಿವಾಸಿಗಳ ಪರಿಹಾರಕ್ಕೆ. 1919ರಿಂದ 1969ರವರೆಗಿನ ಅವಧಿಯಲ್ಲಿ ಅಲ್ಲಿ ಬಾಳಿದವರಿಗೆ, ಇಲ್ಲವೇ ಅವರ ನೇರ ವಂಶಸ್ಥರಿಗೆ ತಲಾ 25,000 ಡಾಲರ್. ಅದೂ ಕೈಗಲ್ಲ, ಮನೆ ಕೊಳ್ಳಲು, ದುರಸ್ತಿ ಮಾಡಿಸಲು, ಮನೆ ಸಾಲ ತೀರಿಸಲು. 2021ರಲ್ಲಿ ಯೋಜನೆ ಮತಕ್ಕೆ ಬಂದಾಗ ವಿರೋಧಿಸಿದ ಒಬ್ಬರೇ ಒಬ್ಬ ಸದಸ್ಯೆ ಸಿಸಿಲಿ ಫ್ಲೆಮಿಂಗ್ ಸ್ವತಃ ಕಪ್ಪು ಮಹಿಳೆ. ಇದು ವಸತಿ ಯೋಜನೆಯೇ ಹೊರತು ಪರಿಹಾರವಲ್ಲ, ಹಣವನ್ನು ಹೇಗೆ ಬಳಸಬೇಕೆಂದು ನೊಂದವರೇ ತೀರ್ಮಾನಿಸಲಿ ಎಂಬುದು ಅವರ ವಾದ. ನನಗೂ ಅದೇ ಸರಿ ಎನಿಸುತ್ತದೆ. ಎರಡು ವರ್ಷದ ನಂತರ ನಗದಾಗಿ ಪಡೆಯುವ ಅವಕಾಶವನ್ನು ನಗರಸಭೆಯೇ ಕೊಟ್ಟಿತು.

ಇನ್ನೊಂದು ತೊಡಕು ಲೆಕ್ಕದ್ದು. ಇವಾನ್‌ಸ್ಟನ್‌ನಲ್ಲಿ ಇದ್ದದ್ದು ಒಂದೇ ಗಾಂಜಾ ಅಂಗಡಿ. ತೆರಿಗೆ ನಿರೀಕ್ಷೆಯಷ್ಟು ಬರಲಿಲ್ಲ. 2022ರ ಜನವರಿಯಲ್ಲಿ ಲಾಟರಿ ಎತ್ತಿ ಮೊದಲಿಗೆ 16 ಮಂದಿಯನ್ನಷ್ಟೇ ಆಯ್ದರು. ಅರ್ಜಿ ಹಾಕಿದ ವೃದ್ಧರಲ್ಲಿ ಕೆಲವರು ಸರದಿ ಬರುವ ಮೊದಲೇ ತೀರಿಕೊಂಡರು. ಎಂಬತ್ತು ದಾಟಿದವರನ್ನು ಯಾರೋ ಗಾಂಜಾ ಕೊಳ್ಳುವವರೆಗೂ ಕಾಯಿಸುವ ವ್ಯವಸ್ಥೆ ವಿಚಿತ್ರವಲ್ಲವೇ? ಕೊನೆಗೆ ನಗರಸಭೆ ಆಸ್ತಿ ವರ್ಗಾವಣೆ ತೆರಿಗೆಯಿಂದಲೂ ಹಣ ಒದಗಿಸತೊಡಗಿತು. ಅಂದರೆ, ಒಂದು ಕಾಲದಲ್ಲಿ ಇವರಿಗೆ ಮಾರಲು ಒಲ್ಲದ ಮನೆಗಳು ಈಗ ಕೈಬದಲಾದಾಗ ಇವರ ನಿಧಿಗೂ ಒಂದಿಷ್ಟು ಸೇರುತ್ತದೆ.

2024ರ ಮೇ ತಿಂಗಳಲ್ಲಿ ಈ ಯೋಜನೆಯ ವಿರುದ್ಧ ಮೊಕದ್ದಮೆ ಹೂಡಲಾಯಿತು. ಜನಾಂಗ ನೋಡಿ ಹಣ ಕೊಡುವುದು ಸಂವಿಧಾನದ ಹದಿನಾಲ್ಕನೇ ತಿದ್ದುಪಡಿಗೆ ವಿರುದ್ಧ ಎಂಬುದು ದೂರುದಾರರ ಆಕ್ಷೇಪ. ಆ ತಿದ್ದುಪಡಿ ಬಂದದ್ದು 1868ರಲ್ಲಿ, ಗುಲಾಮಗಿರಿಯಿಂದ ಬಿಡುಗಡೆಯಾದವರಿಗೆ ಪೌರತ್ವ ಮತ್ತು ಸಮಾನ ರಕ್ಷಣೆ ಕೊಡಲೆಂದು.