ಒಲೆ ಎಷ್ಟು, ಮನೆ ಎಷ್ಟು: ಅಂತರರಾಷ್ಟ್ರೀಯ ಅಭಿವೃದ್ಧಿ ಓದಹೊರಟವರಿಗೆ

ಎಲ್ಲರಿಗೂ ಶರಣು. ಅಂತರರಾಷ್ಟ್ರೀಯ ಅಭಿವೃದ್ಧಿ, ಅಂತರ್‌ಸಂಸ್ಕೃತಿ ಸಂವಹನ ಅಂದರೆ ಕೋರ್ಸಿನ ಹೆಸರು ದೊಡ್ಡದು, ಒಳಗಿನ ಕೆಲಸ ಮಾತ್ರ ಬಹಳ ಸಣ್ಣ ಸಣ್ಣದು. ಕಲಬುರಗಿಯಲ್ಲಿ ಕೂತು ಆ ಕೆಲಸ ನೋಡಬೇಕಾದರೆ ಒಂದೇ ಒಂದು ಪ್ರಶ್ನೆ ಸಾಕು.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಆಹಾರದ ಅಭದ್ರತೆ ಅಳೆಯಲು 8 ಪ್ರಶ್ನೆಗಳ ಪಟ್ಟಿ ಬಳಸುತ್ತದೆ. ಎಲ್ಲಕ್ಕೂ ಹೌದು ಅಥವಾ ಇಲ್ಲ ಎಂದಷ್ಟೇ ಉತ್ತರ. ಅದರಲ್ಲೊಂದು ಪ್ರಶ್ನೆ ಹೀಗಿದೆ: ಕಳೆದ 12 ತಿಂಗಳಲ್ಲಿ, ಹಣವಿಲ್ಲದೆಯೋ ಬೇರೆ ಅನುಕೂಲವಿಲ್ಲದೆಯೋ, ಕೆಲವೇ ಬಗೆಯ ಆಹಾರ ತಿಂದದ್ದುಂಟೇ? ಇದನ್ನು ಚಿಂಚೋಳಿ ಕಡೆಯ ಹಳ್ಳಿಗೆ ಒಯ್ಯಿರಿ. ದಿನಕ್ಕೆ ಹದಿನೈದು ಮನೆ ಮುಗಿಸಬೇಕಾದ ಸಮೀಕ್ಷಕ ಮಧ್ಯಾಹ್ನದ ಹೊತ್ತಿಗೆ ದಣಿದು, "ಬರೇ ರೊಟ್ಟಿ-ಪಲ್ಯಾನೇ ಉಂಡೀರೇನ್ರಿ?" ಎಂದು ಕೇಳುತ್ತಾನೆ. ಕಟ್ಟೆಯ ಮೇಲೆ ಕೂತ ಆಯಿ, "ಹೂಂನಪ್ಪ, ರೊಟ್ಟಿ ಬಿಟ್ಟು ಮತ್ತೇನ ಉಣ್ಣೂದದ?" ಅನ್ನುತ್ತಾಳೆ. 'ಹೌದು' ಬಿತ್ತು. ಹತ್ತು ಎಕರೆ ತೊಗರಿ ಬೆಳೆಯುವ ಮನೆ ಹಸಿದವರ ಲೆಕ್ಕಕ್ಕೆ ಸೇರಿತು.

ತಪ್ಪಿದ್ದು 'ಹಣವಿಲ್ಲದೆ' ಎಂಬ ಒಂದು ಮಾತು. ಕನ್ನಡದಲ್ಲಿ ಕಾರಣ ಮೊದಲು ಬರುತ್ತದೆ, ಕೇಳುವ ಕ್ರಿಯಾಪದ ಕೊನೆಗೆ. ಅವಸರದಲ್ಲಿ ಕತ್ತರಿ ಬೀಳುವುದು ಮೊದಲಿನ ತುಂಡಿಗೇ. ಉಲ್ಟಾ ತಪ್ಪೂ ಆಗುತ್ತದೆ: ನಿಜಕ್ಕೂ ಒಂದು ಹೊತ್ತು ಬಿಟ್ಟ ಸೊಸೆ, ಅತ್ತೆ ಎದುರಿಗೆ ಕೂತಿದ್ದರೆ 'ಇಲ್ಲ' ಎಂದೇ ಅನ್ನುತ್ತಾಳೆ. ಮನೆಯ ಮರ್ಯಾದೆಯ ಪ್ರಶ್ನೆ ಅದು. ಆಕೆಯನ್ನು ಒಬ್ಬಳೇ ಇರುವಾಗ, ಹೆಣ್ಣುಮಗಳೇ ಕೇಳಬೇಕು.

ಇದಕ್ಕೆ ಪಾಠದಲ್ಲಿ ಹೇಳುವ ಕ್ರಮ ಇದೆ. ಇಬ್ಬರು ಬೇರೆ ಬೇರೆ ಕೂತು ಅನುವಾದ ಮಾಡುತ್ತಾರೆ, ಮೂರನೆಯವರು ಎರಡನ್ನೂ ಕೂಡಿಸುತ್ತಾರೆ. ಮೂಲ ನೋಡದ ಇನ್ನೊಬ್ಬರು ಅದನ್ನು ತಿರುಗಿ ಇಂಗ್ಲಿಷಿಗೆ ತರುತ್ತಾರೆ. ಈ ಮರುಅನುವಾದದ ಪದ್ಧತಿಯನ್ನು 1970ರಲ್ಲಿ ರಿಚರ್ಡ್ ಬ್ರಿಸ್ಲಿನ್ ವ್ಯವಸ್ಥಿತವಾಗಿ ಬರೆದಿಟ್ಟರು. ಒಳ್ಳೆಯದೇ, ಆದರೆ ಅದರ ಮೇಲಷ್ಟೇ ಭಾರ ಹಾಕಬೇಡಿ. 'ಕಳೆದ ಹನ್ನೆರಡು ತಿಂಗಳಲ್ಲಿ' ಎಂಬುದು ಇಂಗ್ಲಿಷಿಗೆ ಒಂದು ಕೂದಲೂ ಕೊಂಕದೆ ಮರಳುತ್ತದೆ. ಹಳ್ಳಿಯಲ್ಲಿ ಮಾತ್ರ ಅದು ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಅಲ್ಲಿ ವರ್ಷ ಎಂದರೆ ಎಳ್ಳ ಅಮವಾಸ್ಯೆಯಿಂದ ಎಳ್ಳ ಅಮವಾಸ್ಯೆ, ಹೊಲಕ್ಕೆ ಚರಗ ಚೆಲ್ಲಿದ ದಿನದಿಂದ ಮತ್ತೆ ಚರಗ ಚೆಲ್ಲುವ ದಿನ. ಸಮೀಕ್ಷೆ ಜೂನ್ ಕೊನೆಗಿದ್ದರೆ ಕಾರಹುಣ್ಣಿಮೆ ಹಿಡಿಯಿರಿ. ನಡುವೆ ಅಧಿಕ ಮಾಸ ಬಂದಿದ್ದರೆ 13 ತಿಂಗಳಾಗುತ್ತದೆ, ಪಂಚಾಂಗ ನೋಡಿಕೊಳ್ಳಿ.

ಹಾಗಾಗಿ ಕೊನೆಯ ಹಂತ ಬಿಡಬಾರದು. ಐದರಿಂದ ಹತ್ತು ಜನರಿಗೆ ಪ್ರಶ್ನೆ ಓದಿ ಹೇಳಿ, ಉತ್ತರ ಬರೆದುಕೊಂಡ ಮೇಲೆ, "ನಾ ಏನ್ ಕೇಳಿದೆ ಅಂತ ನಿಮಗ ಅನಿಸ್ತರಿ?" ಎಂದು ಕೇಳಿ. ಅವರು ತಿರುಗಿ ಹೇಳಿದ್ದರಲ್ಲಿ ಹಣದ ಮಾತು ಬರದಿದ್ದರೆ ಪ್ರಶ್ನೆ ಕೆಟ್ಟಿದೆ ಎಂದರ್ಥ. ಲಂಬಾಣಿ ತಾಂಡಾದಲ್ಲಿ, ದಖನಿ ಆಡುವ ಓಣಿಯಲ್ಲಿ ಇದನ್ನು ಬೇರೆಬೇರೆಯಾಗಿಯೇ ಮಾಡಬೇಕು.

'ಮನೆ' ಎಂಬ ಪದವೂ ಹೀಗೇ ಕೈಕೊಡುತ್ತದೆ. ನಮ್ಮ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ಕುಟುಂಬವೆಂದರೆ ಒಂದೇ ಅಡುಗೆಯಲ್ಲಿ ಉಣ್ಣುವವರು. ಒಂದೇ ಮಾಳಿಗೆಯ ಕೆಳಗೆ ಅಣ್ಣತಮ್ಮಂದಿರು ಬೇರೆಯಾಗಿದ್ದರೆ ಬಾಗಿಲು ಎಣಿಸಿ ಪ್ರಯೋಜನವಿಲ್ಲ. "ಒಲಿ ಎಷ್ಟವರಿ?" ಎಂದು ಕೇಳಬೇಕು.

ಸಿದ್ಧಾಂತದ ಪತ್ರಿಕೆಗಳಲ್ಲಿ ಸಂಸ್ಕೃತಿ-ಸಂವಹನದ ಬಗ್ಗೆ ಬರೆದ ಎಡ್ವರ್ಡ್ ಹಾಲ್, ದೇಶದೇಶಗಳ ಸಂಸ್ಕೃತಿಯನ್ನು ಅಂಕಗಳಲ್ಲಿ ಅಳೆದ ಹೋಫ್‌ಸ್ಟೆಡ್ ಬರುತ್ತಾರೆ. ಓದಿ. ಆದರೆ ಹೋಫ್‌ಸ್ಟೆಡ್‌ರ ದೇಶವಾರು ಅಂಕಗಳು ಹುಟ್ಟಿದ್ದು ಐಬಿಎಂ ಕಂಪನಿಯ ನೌಕರರಿಗೆ ಕೇಳಿದ ಪ್ರಶ್ನೆಗಳಿಂದ. ಬೀದರಿನ ಒಂದೇ ಸಂತೆಯಲ್ಲಿ ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ಕೇಳಿಸುವಾಗ 'ಭಾರತ' ಎಂದು ಒಂದು ಅಂಕಿ ಕೊಟ್ಟರೆ ಅದರಿಂದ ಯಾವ ಹಳ್ಳಿಯ ಕೆಲಸವೂ ಸಾಗದು.

ಇನ್ನು ಅರ್ಜಿ. ಬ್ರಿಟನ್ನಿನ ಎಂ.ಎ. ಸಾಮಾನ್ಯವಾಗಿ ಒಂದು ವರ್ಷ, 180 ಕ್ರೆಡಿಟ್. ನಮ್ಮ ಮೂರು ವರ್ಷದ ಪದವಿ ಅಲ್ಲಿ ನಡೆಯುತ್ತದೆ. ಅಮೆರಿಕದಲ್ಲಿ ಹೆಚ್ಚಾಗಿ ಎರಡು ವರ್ಷ, ಅನೇಕ ಕಡೆ ನಾಲ್ಕು ವರ್ಷದ ಪದವಿ ಕೇಳುತ್ತಾರೆ. ಬ್ರಿಟನ್ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೆ 2,800 ಗಂಟೆಗಳ ಕೆಲಸದ ಅನುಭವ ಬೇಕು, ಓದು ಮುಗಿಸಿ ನಮ್ಮ ದೇಶಕ್ಕೆ ಮರಳಿ ಎರಡು ವರ್ಷ ಇರಬೇಕು. ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಪರಿಶಿಷ್ಟ ಜಾತಿಯವರು, ಅಲೆಮಾರಿ ಸಮುದಾಯಗಳು, ಭೂರಹಿತ ಕೃಷಿ ಕಾರ್ಮಿಕರಂಥವರಿಗೆ ಇದೆ. ಅಲ್ಲೊಂದು ಗುಂಡಿ ಇದೆ: 2022ರ ಮಾರ್ಗಸೂಚಿಯಿಂದ ಭಾರತದ ಸಂಸ್ಕೃತಿ, ಇತಿಹಾಸ, ಭಾರತ ಕುರಿತ ಸಮಾಜ ಅಧ್ಯಯನದ ವಿಷಯಗಳನ್ನು ಅದರಿಂದ ಹೊರಗಿಟ್ಟರು. ನಮ್ಮೂರ ಬಗ್ಗೆಯೇ ಸಂಶೋಧನೆ ಮಾಡುತ್ತೇನೆ ಎಂದು ಬರೆಯುವ ಮೊದಲು ಆ ವರ್ಷದ ಮಾರ್ಗಸೂಚಿಯನ್ನು ಪೂರ್ತಿ ಓದಿ.

ಏಕೆ ಓದಬೇಕೆಂದಿದ್ದೀರಿ ಎಂದು ಅರ್ಜಿಯ ಜೊತೆ ಬರೆಯುವ ಉದ್ದೇಶಪತ್ರದಲ್ಲಿ 'ನಾನು ಹಿಂದುಳಿದ ಕಲ್ಯಾಣ ಕರ್ನಾಟಕದಿಂದ ಬಂದವನು' ಎಂದು ಶುರು ಮಾಡುವವರು ಬಹಳ. ಅದರಿಂದ ಓದುವವರಿಗೆ ಏನೂ ತಿಳಿಯುವುದಿಲ್ಲ. ರಾಜ್ಯದ ಪ್ರಾದೇಶಿಕ ಅಸಮತೋಲನ ಅಳೆದ ನಂಜುಂಡಪ್ಪ ಸಮಿತಿ 2002ರಲ್ಲಿ ಒಂದು ಸೂಚ್ಯಂಕ ಕಟ್ಟಿ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ನಿಮ್ಮ ತಾಲ್ಲೂಕು ಯಾವ ಗುಂಪಿನಲ್ಲಿದೆ, ಆ ಸೂಚ್ಯಂಕ ಯಾವುದನ್ನು ಎಣಿಸಲಿಲ್ಲ ಎಂದು ಬರೆಯಿರಿ. ಮನೆಯಲ್ಲಿ ಲಂಬಾಣಿ, ಓಣಿಯಲ್ಲಿ ದಖನಿ, ಶಾಲೆಯಲ್ಲಿ ಕನ್ನಡ ಎಂಬುದನ್ನು ನಮ್ಮ ಹುಡುಗರು 'ಗೊತ್ತಿರುವ ಭಾಷೆಗಳು' ಎಂಬ ಖಾನೆಗೆ ತುರುಕಿ ಸುಮ್ಮನಾಗುತ್ತಾರೆ. ಯಾವ ಭಾಷೆಯಲ್ಲಿ ಏನು ಕೇಳಿದರೆ ಏನು ಉತ್ತರ ಬರುತ್ತದೆ ಎಂಬ ಒಂದು ಉದಾಹರಣೆಗೆ ಪತ್ರದಲ್ಲಿ ಎಂಟು ಸಾಲು ಕೊಡಿ.

ಕೊನೆಗೆ ಹೆಸರು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ತಂದೆಯ ಹೆಸರು, ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗ ಖಾಲಿ: ನಮ್ಮ ಕಡೆ ಇದು ಮಾಮೂಲು. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಗೆ ಪಾಸ್‌ಪೋರ್ಟಿನಲ್ಲಿದ್ದಂತೆಯೇ ಹೆಸರು ಕೊಡಬೇಕು, ಅದರ ಫಲಿತಾಂಶ ನಡೆಯುವುದು ಎರಡೇ ವರ್ಷ. ಪರೀಕ್ಷೆಯ ಶುಲ್ಕ ಕಟ್ಟುವ ಮೊದಲೇ ಪಾಸ್‌ಪೋರ್ಟ್ ತಿದ್ದಿಸಿಕೊಳ್ಳಿ.