ಕುಲಾಂತರಿ ಸೊಳ್ಳೆ ಹೊರಗೆ ಬಾಳೀತೇ?

ಕೇಳುಗರಿಗೆ ನಮಸ್ಕಾರ.

ಮಂಗಳೂರಿನಲ್ಲಿ ಮಲೇರಿಯಾ ಹರಡುವ ಮುಖ್ಯ ಸೊಳ್ಳೆ ಅನಾಫಿಲಿಸ್ ಸ್ಟೀಫೆನ್ಸಿ. ಚರಂಡಿಯ ಕೊಳಕು ನೀರು ಇದಕ್ಕೆ ಸಾಮಾನ್ಯವಾಗಿ ಒಗ್ಗದು. ತಾರಸಿಯ ಟ್ಯಾಂಕು, ಬಾವಿ, ಹೊಸ ಕಟ್ಟಡದ ಸ್ಲ್ಯಾಬಿನ ಮೇಲೆ ಕ್ಯೂರಿಂಗಿಗೆಂದು, ಅಂದರೆ ಕಾಂಕ್ರೀಟು ಗಟ್ಟಿಯಾಗಲೆಂದು, ಕಟ್ಟಿ ನಿಲ್ಲಿಸಿದ ನೀರು, ಇವೇ ಇದರ ತೊಟ್ಟಿಲು.

ಇದೇ ಜಾತಿಯ ಸೊಳ್ಳೆಗೆ ವಿಜ್ಞಾನಿಗಳು ಎಸ್‌ಎಂ1 ಎಂಬ ಪುಟ್ಟ ಪೆಪ್ಟೈಡ್, ಅಂದರೆ ಪ್ರೋಟೀನಿನಂಥ ಚಿಕ್ಕ ಸರಪಳಿ, ತಯಾರಿಸುವ ಜೀನನ್ನು ಸೇರಿಸಿದರು. ಹೀಗೆ ಹೊರಗಿನ ಜೀನು ಸೇರಿಸಿದ ಸೊಳ್ಳೆಯೇ ಕುಲಾಂತರಿ. ಆ ಪೆಪ್ಟೈಡ್ ಸೊಳ್ಳೆಯ ಕರುಳಿನಲ್ಲೇ ಮಲೇರಿಯಾ ಪರಾವಲಂಬಿಗೆ ಅಡ್ಡಗಟ್ಟುತ್ತದೆ. ಆದರೆ ಹೊರಗೆ ಬಾಳಲು ತಡೆಯುವ ಶಕ್ತಿಯೊಂದಿದ್ದರೆ ಸಾಲದು. ಆ ಸೊಳ್ಳೆ ಎಷ್ಟು ದಿನ ಬದುಕುತ್ತದೆ, ಎಷ್ಟು ಮೊಟ್ಟೆ ಇಡುತ್ತದೆ, ಅದರ ಗಂಡಿಗೆ ಹೆಣ್ಣು ಒಲಿಯುತ್ತದೆಯೇ? ಇವೆಲ್ಲ ಸೇರಿದ್ದೇ ಫಿಟ್‌ನೆಸ್.

ಲೆಕ್ಕ ಹಾಕಿ ನೋಡಿ. ಕುಲಾಂತರಿ ಮತ್ತು ಸಾಮಾನ್ಯ, ಎರಡು ಬಗೆಯ ಸೊಳ್ಳೆಗಳು ಸಮಸಮವಾಗಿವೆ ಎನ್ನೋಣ. ಪ್ರತಿ ಪೀಳಿಗೆಯಲ್ಲೂ ಕುಲಾಂತರಿಯ ಸಂತಾನ ಶೇಕಡಾ 5ರಷ್ಟು ಕಡಿಮೆಯಾದರೆ, 20 ಪೀಳಿಗೆಗಳಲ್ಲಿ ಅದರ ಪಾಲು ಶೇಕಡಾ 50ರಿಂದ ಸುಮಾರು 26ಕ್ಕೆ ಕುಸಿಯುತ್ತದೆ. ನಮ್ಮ ಕರಾವಳಿಯ ಸೆಕೆಯಲ್ಲಿ ಮೊಟ್ಟೆ ಹತ್ತು ದಿನಗಳ ಆಸುಪಾಸಿನಲ್ಲಿ ಸೊಳ್ಳೆಯಾಗುತ್ತದೆ. ಹಾಗಾಗಿ 20 ಪೀಳಿಗೆ ಬಹಳ ದೂರವೇನಲ್ಲ.

2007ರಲ್ಲಿ ಪ್ರಕಟವಾದ ಪಂಜರದ ಪ್ರಯೋಗವೊಂದು ಆಸೆ ಹುಟ್ಟಿಸಿತು. ಇಲಿಗಳ ಮಲೇರಿಯಾ ತಗುಲಿದ ಇಲಿಯ ರಕ್ತ ಕುಡಿದಾಗ ಎಸ್‌ಎಂ1 ಸೊಳ್ಳೆಗಳು ಹೆಚ್ಚು ಮೊಟ್ಟೆಯಿಟ್ಟವು, ಕಡಿಮೆ ಸತ್ತವು. ಒಂಬತ್ತು ಪೀಳಿಗೆಗಳಲ್ಲಿ ಅವುಗಳ ಪಾಲು ಅರ್ಧದಿಂದ ಸುಮಾರು ಶೇಕಡಾ 70ಕ್ಕೇರಿತು. ಪರಾವಲಂಬಿ ಸೊಳ್ಳೆಗೂ ಹೊರೆಯೇ; ಆ ಹೊರೆ ತಪ್ಪಿದ್ದೇ ಲಾಭವಾಯಿತು. ಆದರೆ ಸೊಳ್ಳೆಗೆ ದಾಟಬಲ್ಲ ಹಂತವನ್ನೇ ಉಂಟುಮಾಡದ ಪರಾವಲಂಬಿ ತಳಿಯನ್ನು ಬಳಸಿದಾಗ ಈ ಮೇಲುಗೈ ಕಾಣಲಿಲ್ಲ.

ತೊಡಕಿರುವುದು ಇಲ್ಲೇ. ಊರಿನಲ್ಲಿ ಸೊಳ್ಳೆ ಕುಡಿಯುವುದು ಬಹುಪಾಲು ಆರೋಗ್ಯವಂತರ ರಕ್ತವನ್ನೇ. ಅಲ್ಲಿ ಈ ಲಾಭ ಬಹುತೇಕ ಶೂನ್ಯ. ಮೇಲಾಗಿ ನಮ್ಮಲ್ಲಿ ಹೆಚ್ಚು ಕಾಡುವುದು ಮನುಷ್ಯರ ವೈವಾಕ್ಸ್ ಬಗೆಯ ಮಲೇರಿಯಾ, ಇಲಿಯದ್ದಲ್ಲ.

ಇನ್ನೊಂದು ಎಚ್ಚರಿಕೆ: ಪ್ರಯೋಗಾಲಯದಲ್ಲಿ ಒಳಗೊಳಗೇ ಕೂಡಿ ಬೆಳೆದ ತಳಿ, ಜೀನಿನ ತಪ್ಪಿಲ್ಲದೆಯೂ ಸೊರಗುತ್ತದೆ. ಜೀನು ಬೇಡದ ಜಾಗದಲ್ಲಿ ಕೂತು ಇನ್ನೊಂದು ಜೀನನ್ನು ಕೆಡಿಸಿದರೂ ಅಷ್ಟೇ. ಆದ್ದರಿಂದ ಆ ತಳಿಯನ್ನು ಸ್ಥಳೀಯ ಸೊಳ್ಳೆಯೊಂದಿಗೆ ಹಲವು ಪೀಳಿಗೆ ಕೂಡಿಸಿ, ಅದರಲ್ಲೇ ಹುಟ್ಟಿದ, ಜೀನಿಲ್ಲದ ಒಡಹುಟ್ಟುಗಳೊಡನೆ ಹೋಲಿಸಬೇಕು. ಹಾಗೆ ಮಾಡದ ಅಳತೆಯನ್ನು ನಂಬಲಾಗದು.

ಅಲ್ಲಿಯವರೆಗೆ ಟ್ಯಾಂಕಿನ ಮುಚ್ಚಳ ಬಿಗಿಯಾಗಿರಲಿ, ತುಂಬಿ ಹರಿಯುವ ಕೊಳವೆಯ ಬಾಯಿಗೆ ಬಲೆ ಕಟ್ಟಿ. ಕ್ಯೂರಿಂಗಿನ ನೀರನ್ನು ವಾರಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ, ಸ್ಲ್ಯಾಬನ್ನು ಒಣಗಲು ಬಿಟ್ಟು ಮತ್ತೆ ತುಂಬಿಸಿ. ನೀರಿನ ಮೇಲ್ಮೈಗೆ ಸಮಾನಾಂತರವಾಗಿ ಮಲಗಿದ ಮರಿ ಕಂಡರೆ, ಅದು ಅನಾಫಿಲಿಸ್.